ಕಗ್ಗತ್ತಲ ಕಡಲಲ್ಲಿ ಯಾರ ತುತ್ತು ಯಾರು?

ಬೆಳಕು ಇಳಿಯದ ನೀರಿನಲ್ಲಿ ನಡೆಯುವ ಬೇಟೆಯನ್ನು ಕಣ್ಣಾರೆ ಕಂಡವರು ವಿರಳ. ಬಲೆಗೆ ಬಿದ್ದ ಮೀನು ಹಡಗಿನ ಮೇಲೆ ಬರುವಷ್ಟರಲ್ಲಿ ಹೊಟ್ಟೆ ಬರಿದಾಗಿರುತ್ತದೆ, ಇಲ್ಲವೇ ಒಳಗೆ ಗುರುತು ಸಿಗದ ಲೋಳೆಯಷ್ಟೇ ಇರುತ್ತದೆ. ಆ ಲೋಳೆಯಲ್ಲಿ ಉಳಿದ ಡಿಎನ್‌ಎ ಚೂರುಗಳನ್ನು ಓದಿ, ಆಳ ಸಮುದ್ರದ ಊಟದ ಪಟ್ಟಿಯನ್ನು ವಿಜ್ಞಾನಿಗಳು ತಿದ್ದಿ ಬರೆಯುತ್ತಿದ್ದಾರೆ. ಇಷ್ಟು ಕಾಲ ಲೆಕ್ಕಕ್ಕೇ ಬಾರದಿದ್ದ ಲೋಳೆಮೀನುಗಳು ಆ ಪಟ್ಟಿಗೆ ಸೇರಿವೆ.

2007ರಲ್ಲಿ ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದ ಬಳಿ ಸತ್ತ ಮೀನೊಂದು ಸಿಕ್ಕಿತು. ಮೂತಿಯಿಂದ ಬಾಲದವರೆಗೆ ಅಳೆದರೆ ಬರೀ 19 ಸೆಂಟಿಮೀಟರ್. ಆದರೆ ಹೊಟ್ಟೆ ಮಾತ್ರ ದೇಹಕ್ಕಿಂತ ದೊಡ್ಡದಾಗಿ ಊದಿಕೊಂಡು ಕೆಳಗೆ ಜೋತುಬಿದ್ದಿತ್ತು. ಅದರೊಳಗೆ ಮಡಚಿಕೊಂಡು ಬಿದ್ದಿದ್ದದ್ದು ಸ್ನೇಕ್ ಮ್ಯಾಕೆರೆಲ್ ಎಂಬ ಇನ್ನೊಂದು ಮೀನು. ಅದರ ಉದ್ದ 86 ಸೆಂಟಿಮೀಟರ್!

ತನ್ನ ನಾಲ್ಕು ಪಟ್ಟು ಉದ್ದದ ಮೀನನ್ನು ನುಂಗಿದ್ದ ಈ ನುಂಗುಬಾಕನ ಹೆಸರು ಬ್ಲ್ಯಾಕ್ ಸ್ವಾಲೋವರ್. ಅದರ ವಾಸ ಸಾಮಾನ್ಯವಾಗಿ 700 ಮೀಟರಿಗಿಂತ ಕೆಳಗೆ. ನುಂಗಿದ್ದನ್ನು ಅರಗಿಸಿಕೊಳ್ಳುವ ಮೊದಲೇ ಬೇಟೆ ಹೊಟ್ಟೆಯಲ್ಲಿ ಕೊಳೆಯತೊಡಗಿತು. ಕೊಳೆತದ್ದರಿಂದ ಹುಟ್ಟಿದ ಅನಿಲ ಮೀನನ್ನು ಮೇಲಕ್ಕೆ ತೇಲಿಸಿತು. ವಿಜ್ಞಾನಿಗಳ ಕೈಗೆ ಬಂದಿರುವ ಬ್ಲ್ಯಾಕ್ ಸ್ವಾಲೋವರ್‌ಗಳಲ್ಲಿ ಹಲವು ಸಿಕ್ಕಿದ್ದು ಹೀಗೆಯೇ, ಮಿತಿಮೀರಿ ನುಂಗಿ ಸತ್ತು ತೇಲಿದಾಗ.

ಆಳ ಸಮುದ್ರದ ಮೀನು ಏನು ತಿಂದಿತೆಂದು ಇಷ್ಟು ಸ್ಪಷ್ಟವಾಗಿ ಕಾಣುವುದು ತೀರಾ ಅಪರೂಪ. ಮಿಕ್ಕ ಸಂದರ್ಭಗಳಲ್ಲಿ ಹೊಟ್ಟೆ ಸೀಳಿದರೆ ಸಿಗುವುದು ಒಂದಿಷ್ಟು ಕಂದು ಬಣ್ಣದ ಅಂಟು, ಸಿಗಡಿಯ ಕಾಲೊಂದು, ಯಾವುದೋ ಮೀನಿನ ಪೊರೆ. ಅನೇಕ ಸಲ ಅದೂ ಇಲ್ಲ.

ಮೇಲಿನಿಂದ ಬಂದದ್ದೇ ಅನ್ನ

ಸಮುದ್ರದ ಸರಾಸರಿ ಆಳ ಸುಮಾರು 3,700 ಮೀಟರ್. ಸೂರ್ಯನ ಬೆಳಕು 200 ಮೀಟರ್ ದಾಟುವಷ್ಟರಲ್ಲಿ ಸೊರಗುತ್ತದೆ, 1,000 ಮೀಟರಿನಲ್ಲಿ ಪೂರ್ತಿ ಆರಿಹೋಗುತ್ತದೆ. ನಡುವಿನ ಪದರಕ್ಕೆ ಮುಸ್ಸಂಜೆ ವಲಯ ಎಂದು ಹೆಸರು. ಅದರ ಕೆಳಗೆ ಹಗಲೆಂಬುದೇ ಇಲ್ಲ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತ ಹೋಗುತ್ತದೆ. ತಳದ ನೀರು ಕೊರೆಯುವಷ್ಟು ತಣ್ಣಗಿರುತ್ತದೆ.

ಬೆಳಕಿಲ್ಲದ ಕಡೆ ಪಾಚಿ ಬೆಳೆಯುವುದಿಲ್ಲ. ಸಮುದ್ರತಳದ ಬಿಸಿನೀರ ಬುಗ್ಗೆಗಳಂಥ ಕೆಲವು ತಾಣಗಳನ್ನು ಬಿಟ್ಟರೆ, ಆಳದ ಜೀವಿಗಳ ಅನ್ನವೆಲ್ಲ ಮೇಲಿನಿಂದಲೇ ಇಳಿಯಬೇಕು. ಸತ್ತ ಪ್ಲವಕಗಳು, ಅವುಗಳ ಮಲ, ಸಿಂಬಳದಂಥ ಅಂಟುಗಳು ಸೇರಿ ಕಣಕಣವಾಗಿ ಬೀಳುವ 'ಕಡಲ ಹಿಮ' ಒಂದು ದಾರಿ. ತಿಮಿಂಗಿಲದಂಥ ದೊಡ್ಡ ಹೆಣಗಳು ಇನ್ನೊಂದು ದಾರಿ. ಮೂರನೆಯ ದಾರಿ ಜೀವಂತವಾದದ್ದು: ರಾತ್ರಿ ಮೇಲಕ್ಕೆ ಬಂದು ಮೇಯ್ದು, ನಸುಕಿಗೆ ಮತ್ತೆ ಕೆಳಗಿಳಿಯುವ ಅಸಂಖ್ಯ ಪುಟ್ಟ ಮೀನುಗಳು, ಸಿಗಡಿಗಳು.

ಈ ನಿತ್ಯದ ಏರಿಳಿತ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ ವಲಸೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕಲು ಶಬ್ದದ ಅಲೆಗಳನ್ನು ಕಳಿಸಿದವರಿಗೆ ನಡುನೀರಿನಲ್ಲಿ ಸುಳ್ಳು ತಳವೊಂದು ಕಾಣಿಸಿತ್ತು. ಆ 'ತಳ' ಹಗಲು ಕೆಳಗಿರುತ್ತಿತ್ತು, ರಾತ್ರಿ ಮೇಲೇರುತ್ತಿತ್ತು. ಅದು ಜೀವಿಗಳ ದಟ್ಟ ಪದರವೆಂದು ತಿಳಿದದ್ದು ಆಮೇಲೆ.

ಮೇಲೆ ತಿಂದು ಕೆಳಗೆ ವಿಸರ್ಜಿಸುವ, ಅಥವಾ ಕೆಳಗೆ ಹೋಗಿ ಇನ್ನೊಬ್ಬರ ಬಾಯಿಗೆ ಬೀಳುವ ಈ ಜೀವಿಗಳು ವಾತಾವರಣದಿಂದ ಸಮುದ್ರ ಹೀರಿದ ಇಂಗಾಲವನ್ನು ಆಳಕ್ಕೆ ಒಯ್ಯುತ್ತವೆ. ಆ ಇಂಗಾಲ ಎಷ್ಟು ಕಾಲ ಕೆಳಗೆ ಉಳಿದೀತು ಎನ್ನುವ ಪ್ರಶ್ನೆಗೆ ಉತ್ತರ ಬೇಕಾದರೆ ಯಾರು ಯಾರನ್ನು ತಿನ್ನುತ್ತಾರೆ ಎಂಬುದು ತಿಳಿದಿರಬೇಕು. ಮೀನಿನ ಹೊಟ್ಟೆಯೊಳಗಿನ ಅಂಟಿಗೆ ಅಷ್ಟು ಮಹತ್ವ ಬಂದಿರುವುದು ಇದರಿಂದ.

ಸೀಳಿದ ಹೊಟ್ಟೆ ಹೇಳದೆ ಬಿಟ್ಟದ್ದು

1840ರ ದಶಕದಲ್ಲಿ ಬ್ರಿಟನ್ನಿನ ಎಡ್ವರ್ಡ್ ಫೋರ್ಬ್ಸ್ ಸುಮಾರು 550 ಮೀಟರಿನ ಕೆಳಗೆ ಜೀವವೇ ಇರಲಾರದು ಎಂದು ವಾದಿಸಿದ್ದರು. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ಕಿಲೋಮೀಟರುಗಟ್ಟಲೆ ಆಳದಿಂದ ಜೀವಿಗಳನ್ನು ಎತ್ತಿ ತಂದು ಆ ವಾದವನ್ನು ಮುಗಿಸಿತು.

ಭಾರತದ ಸುತ್ತಲಿನ ನೀರಿನಲ್ಲಿ ಅದೇ ಕೆಲಸ ಮಾಡಿದ್ದು ಇನ್ವೆಸ್ಟಿಗೇಟರ್ ಎಂಬ ಸರ್ವೆ ಹಡಗು. ಅದರಲ್ಲಿ ವೈದ್ಯ ಮತ್ತು ಪ್ರಕೃತಿ ವಿಜ್ಞಾನಿಯಾಗಿದ್ದ ಆಲ್ಫ್ರೆಡ್ ಆಲ್ಕಾಕ್ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳ ಆಳದ ಮೀನುಗಳನ್ನು ಒಂದೊಂದಾಗಿ ವರ್ಣಿಸಿ, 1899ರಲ್ಲಿ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಸಂಗ್ರಹದ ಪಟ್ಟಿಯನ್ನು ಪ್ರಕಟಿಸಿದರು. ಈ ಭಾಗದ ಆಳದ ಮೀನುಗಳ ಅಧ್ಯಯನಕ್ಕೆ ಅದು ಅಡಿಪಾಯ.

ಜಾತಿ ಗುರುತಿಸುವುದು ಹೀಗೆ ಮುಂದುವರಿಯಿತು. ಊಟ ಗುರುತಿಸುವುದು ಮಾತ್ರ ಕುಂಟುತ್ತಲೇ ಇತ್ತು. ಅದಕ್ಕೆ ಮೊದಲ ಕಾರಣ ಮೀನು ಮೇಲೆ ಬರುವ ದಾರಿ. ಒತ್ತಡ ಇಳಿದಂತೆಲ್ಲ ಮೀನಿನೊಳಗಿನ ಗಾಳಿಚೀಲ ಉಬ್ಬುತ್ತದೆ. ಅದು ಜಠರವನ್ನೇ ಒಳಹೊರಗು ಮಾಡಿ ಬಾಯಿಯಿಂದ ಆಚೆ ತಳ್ಳುವುದುಂಟು. ತಿಂದದ್ದೆಲ್ಲ ಹಡಗಿಗೆ ತಲುಪುವ ಮೊದಲೇ ನೀರುಪಾಲು.

ಗಾಳಿಚೀಲವಿಲ್ಲದ ಮೀನುಗಳಲ್ಲಿ ಇನ್ನೊಂದು ತೊಡಕು. ಬಲೆಯ ತುದಿಯಲ್ಲಿ ನೂರಾರು ಜೀವಿಗಳು ಒತ್ತೊತ್ತಾಗಿ ಸಿಕ್ಕಿಕೊಂಡಾಗ ಕೆಲವು ಮೀನುಗಳು ಅಲ್ಲೇ ಪಕ್ಕದವನನ್ನು ಕಚ್ಚಿ ನುಂಗುತ್ತವೆ. ಅದು ಅವುಗಳ ಸಹಜ ಊಟವಲ್ಲ, ಬಲೆ ಬಡಿಸಿದ ಊಟ. ಜಠರದಲ್ಲಿ ಒಂದಿಷ್ಟೂ ಅರಗದ ತುತ್ತು ಕಂಡರೆ ಅನುಭವಸ್ಥರು ಅದನ್ನು ಪಕ್ಕಕ್ಕಿಡುತ್ತಾರೆ.

ಇಷ್ಟೆಲ್ಲ ದಾಟಿ ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಗಟ್ಟಿ ಭಾಗಗಳು. ಮೀನಿನ ಕಿವಿಯೊಳಗಿನ ಸುಣ್ಣದ ಕಲ್ಲುಗಳು, ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ಕೊಕ್ಕು, ಸಿಗಡಿಯ ಚಿಪ್ಪು. ಪಳಗಿದ ಕಣ್ಣು ಒಂದು ಕಿವಿಗಲ್ಲಿನ ಆಕಾರ ನೋಡಿಯೇ ಅದು ಯಾವ ಜಾತಿ, ಎಷ್ಟು ದೊಡ್ಡ ಮೀನಾಗಿತ್ತು ಎಂದು ಹೇಳಬಲ್ಲದು. ಈ ವಿದ್ಯೆಯನ್ನು ಹಳೆಯದೆಂದು ತಳ್ಳಿಹಾಕುವಂತಿಲ್ಲ. ಬೇಟೆಯ ಗಾತ್ರದ ಪ್ರಶ್ನೆಗೆ ಇಂದಿಗೂ ಅದರಷ್ಟು ಚೆನ್ನಾಗಿ ಉತ್ತರಿಸುವ ವಿಧಾನ ಬೇರೆ ಇಲ್ಲ.

ಆದರೆ ಮೂಳೆ, ಚಿಪ್ಪು, ಕೊಕ್ಕು ಯಾವುದೂ ಇಲ್ಲದ ಜೀವಿಗಳ ಗತಿ? ಲೋಳೆಮೀನು, ಬಾಚಣಿಗೆ ಲೋಳೆಮೀನು, ಉದ್ದನೆಯ ಸರಪಳಿಯಾಗಿ ತೇಲುವ ಸೈಫೊನೊಫೋರ್, ಪಾರದರ್ಶಕ ಸಾಲ್ಪ್ ಇವುಗಳ ಮೈಯಲ್ಲಿ ಬಹುಪಾಲು ನೀರು. ಜಠರಕ್ಕೆ ಹೋದ ಸ್ವಲ್ಪ ಹೊತ್ತಿಗೆ ಅವು ಕರಗಿ ಹೋಗುತ್ತವೆ. ಫಾರ್ಮಾಲಿನ್‌ನಲ್ಲಿಟ್ಟ ಮಾದರಿಗಳಲ್ಲಂತೂ ಅವುಗಳ ಸುಳಿವೇ ಉಳಿಯುವುದಿಲ್ಲ. ದಾಖಲೆಯಲ್ಲಿ ಕಾಣದ್ದರಿಂದ ಅವನ್ನು ಯಾರೂ ತಿನ್ನುವುದಿಲ್ಲ ಎಂಬ ನಂಬಿಕೆ ಬೆಳೆಯಿತು. ಲೋಳೆಮೀನೆಂದರೆ ಆಹಾರ ಸರಪಳಿಯ ಕೊನೆ, ಮುಂದಕ್ಕೆ ದಾರಿಯಿಲ್ಲ ಎಂದು ಪಠ್ಯಗಳು ಬಹುಕಾಲ ಹೇಳಿದವು.

> ದೊಡ್ಡ ಬಾಯಿ, ಪುಟ್ಟ ತುತ್ತು
>
> ಮ್ಯಾಲಕೊಸ್ಟಿಯಸ್ ನೈಜರ್ ಎಂಬ ಆಳದ ಮೀನಿಗೆ ಬಾಯಿಯ ತಳವೇ ಇಲ್ಲ. ದವಡೆಯ ಮೂಳೆಗಳ ನಡುವೆ ಚರ್ಮವಿಲ್ಲದೆ ತೆರೆದಿದೆ. ದೊಡ್ಡ ಬೇಟೆಯನ್ನು ಥಟ್ಟನೆ ಕಚ್ಚಲು ಹೇಳಿ ಮಾಡಿಸಿದ ರಚನೆ. ಆದರೆ ಹೊಟ್ಟೆ ಸೀಳಿ ನೋಡಿದಾಗ ಹೆಚ್ಚಾಗಿ ಸಿಕ್ಕಿದ್ದು ಕೋಪಿಪಾಡ್ ಎಂಬ ಸಣ್ಣ ಚಿಪ್ಪುಜೀವಿಗಳು.
>
> ಈ ಮೀನು ಕಣ್ಣಿನ ಕೆಳಗಿನ ಅಂಗದಿಂದ ಕೆಂಪು ಬೆಳಕು ಬೀರುತ್ತದೆ, ಆ ಬೆಳಕನ್ನು ತಾನೇ ನೋಡಬಲ್ಲದು. ಆಳದ ಬಹುತೇಕ ಜೀವಿಗಳಿಗೆ ಕೆಂಪು ಕಾಣುವುದಿಲ್ಲ. ಕೆಂಪನ್ನು ಹಿಡಿಯಲು ಅದರ ಕಣ್ಣು ಬಳಸುವುದು ಕ್ಲೋರೋಫಿಲ್ ಮೂಲದ ವಸ್ತುವೊಂದನ್ನು. ಮೀನು ಕ್ಲೋರೋಫಿಲ್ ತಯಾರಿಸಲಾರದು. ಮೇಲೆ ಪಾಚಿ ಮೇಯ್ದ ಕೋಪಿಪಾಡ್‌ಗಳ ಮೂಲಕ ಅದು ಮೀನಿಗೆ ದಕ್ಕುತ್ತಿರಬಹುದು ಎಂಬುದು ವಿಜ್ಞಾನಿಗಳ ಊಹೆ.

ಅಂಟಿನೊಳಗಿನ ಅಕ್ಷರ

ಸತ್ತು ಅರ್ಧ ಅರಗಿದ ಜೀವಕೋಶದಲ್ಲೂ ಡಿಎನ್‌ಎ ಒಂದಿಷ್ಟು ಕಾಲ ಉಳಿದಿರುತ್ತದೆ. ಕಣ್ಣಿಗೆ ಬರೀ ಅಂಟಾಗಿ ಕಂಡದ್ದರಲ್ಲಿ ಬೇಟೆಯ ವಂಶವಾಹಿ ಚೂರುಚೂರಾಗಿ ಇರುತ್ತದೆ. ಅರೆದ ಮಸಾಲೆಯನ್ನು ನೋಡಿ ಅದರಲ್ಲಿ ಏನೇನು ಬಿದ್ದಿದೆಯೆಂದು ಕಣ್ಣು ಹೇಳಲಾರದು, ನಾಲಿಗೆ ಹೇಳೀತು. ಪ್ರಯೋಗಾಲಯದಲ್ಲಿ ಆ ನಾಲಿಗೆಯ ಕೆಲಸ ಮಾಡುವುದು ಡಿಎನ್‌ಎ ಪರೀಕ್ಷೆ.

ಈ ವಿಧಾನಕ್ಕೆ ತಳಹದಿ ಎರಡು. 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿಸಿಆರ್, ಡಿಎನ್‌ಎಯ ಬೇಕಾದ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುತ್ತದೆ. ಅವರಿಗೆ 1993ರಲ್ಲಿ ನೊಬೆಲ್ ಬಂತು. ಎರಡನೆಯದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೀಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟ 'ಡಿಎನ್‌ಎ ಬಾರ್‌ಕೋಡ್' ಕಲ್ಪನೆ. ಮೈಟೊಕಾಂಡ್ರಿಯಾದಲ್ಲಿರುವ ಸಿಒಐ ಎಂಬ ಜೀನ್‌ನ ಸುಮಾರು 650 ಅಕ್ಷರಗಳ ಭಾಗ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಆ ಭಾಗವನ್ನು ಓದಿದರೆ ಬಹುತೇಕ ಜಾತಿಗಳ ಗುರುತು ಸಿಗುತ್ತದೆ.

ಮೈಟೊಕಾಂಡ್ರಿಯಾವನ್ನೇ ಆರಿಸಿದ್ದಕ್ಕೆ ಪ್ರಾಯೋಗಿಕ ಕಾರಣವೂ ಇದೆ. ಒಂದು ಕೋಶದಲ್ಲಿ ಅದರ ಡಿಎನ್‌ಎಯ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ಅಷ್ಟರಲ್ಲಿ ಕೆಲವಾದರೂ ಜಠರದ ಆಮ್ಲದಿಂದ ಪಾರಾಗಿರುತ್ತವೆ.

ಪಾರಾದವೂ ಇಡಿಯಾಗಿ ಉಳಿಯುವುದಿಲ್ಲ. 650 ಅಕ್ಷರಗಳ ಉದ್ದದ ಚೂರು ಹೊಟ್ಟೆಯಲ್ಲಿ ಸಿಗುವುದು ಕಷ್ಟ. ಅದಕ್ಕಾಗಿ ಗಿಡ್ಡ ಬಾರ್‌ಕೋಡ್‌ಗಳು ಬಂದವು. 2013ರಲ್ಲಿ ಮ್ಯಾಥ್ಯೂ ಲೆರೆ ಮತ್ತು ಸಂಗಡಿಗರು 313 ಅಕ್ಷರಗಳ ತುಣುಕನ್ನು ಹಿಡಿಯುವ ಪ್ರೈಮರ್‌ಗಳನ್ನು, ಅಂದರೆ ಬೇಕಾದ ತುಣುಕಿಗೆ ಅಂಟಿಕೊಂಡು ಪಿಸಿಆರ್ ಪ್ರತಿಯನ್ನು ಶುರುಮಾಡಿಸುವ ಪುಟ್ಟ ಡಿಎನ್‌ಎ ಚೂರುಗಳನ್ನು, ಪ್ರಕಟಿಸಿದರು. ಅವರು ಪರೀಕ್ಷಿಸಿದ್ದೇ ಹವಳದಿಬ್ಬದ ಮೀನುಗಳ ಹೊಟ್ಟೆಯ ಮೇಲೆ. 2015ರಲ್ಲಿ ಜಪಾನಿನ ಮಸಾಕಿ ಮಿಯಾ ತಂಡ ಮೀನುಗಳಿಗಾಗಿಯೇ 'ಮೈಫಿಶ್' ಎಂಬ ಪ್ರೈಮರ್ ತಂದಿತು. ಅದಕ್ಕೆ ಸುಮಾರು 170 ಅಕ್ಷರಗಳು ಸಾಕು.

ಹೊಟ್ಟೆಯ ಅಂಟಿನಲ್ಲಿ ಅತಿ ಹೆಚ್ಚು ಇರುವುದು ಮಾತ್ರ ತಿಂದವನದೇ ಡಿಎನ್‌ಎ. ಜಠರದ ಗೋಡೆಯಿಂದ ಉದುರಿದ ಕೋಶಗಳು ಬೇಟೆಯ ಕ್ಷೀಣ ಸುಳಿವನ್ನು ಮುಳುಗಿಸಿಬಿಡುತ್ತವೆ. 2008ರಲ್ಲಿ ಹೆಗೆ ವೆಸ್ಟ್‌ಹೈಮ್ ಮತ್ತು ಸೈಮನ್ ಜಾರ್ಮನ್ ಅಂಟಾರ್ಕ್ಟಿಕದ ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಯ ಜಠರ ಪರೀಕ್ಷಿಸುವಾಗ ಇದಕ್ಕೆ ಪರಿಹಾರ ತೋರಿಸಿದರು. ತಿಂದವನ ಡಿಎನ್‌ಎಗೆ ಮಾತ್ರ ಅಂಟಿಕೊಂಡು, ಅದು ಪ್ರತಿಯಾಗದಂತೆ ತಡೆಯುವ ವಿಶೇಷ ಪ್ರೈಮರ್ ಅದು. ಉಣ್ಣುವವನ ದನಿ ಅಡಗಿದ ಮೇಲೆ ಉಂಡದ್ದರ ದನಿ ಕೇಳಿಸತೊಡಗಿತು.

> ಹಡಗಿನಿಂದ ಕಂಪ್ಯೂಟರಿನವರೆಗೆ
>
> ಮೀನು ಹಡಗೇರಿದ ಕೂಡಲೇ ಅದನ್ನು ಆಳವಾಗಿ ಹೆಪ್ಪುಗಟ್ಟಿಸುತ್ತಾರೆ, ಇಲ್ಲವೇ ಜಠರವನ್ನು ಆಲ್ಕೋಹಾಲ್‌ನಲ್ಲಿಡುತ್ತಾರೆ. ಪ್ರಯೋಗಾಲಯದಲ್ಲಿ ಜಠರದ ಒಳಗಿನದನ್ನು ಕೆರೆದು ತೆಗೆದು ಡಿಎನ್‌ಎ ಬೇರ್ಪಡಿಸುತ್ತಾರೆ. ಪಿಸಿಆರ್‌ನಲ್ಲಿ ಬೇಕಾದ ತುಣುಕು ಹೆಚ್ಚುತ್ತದೆ. ಪ್ರತಿ ಮೀನಿನ ಮಾದರಿಗೂ ಒಂದೊಂದು ಗುರುತು ಸೇರಿಸಿ ಎಲ್ಲವನ್ನೂ ಒಟ್ಟಿಗೆ ಓದುವ ಯಂತ್ರಕ್ಕೆ ಕೊಡುತ್ತಾರೆ. ಹೊರಬಂದ ಲಕ್ಷಾಂತರ ಅಕ್ಷರಸಾಲುಗಳನ್ನು, ಹೆಸರು ಗೊತ್ತಿರುವ ಜೀವಿಗಳ ಸಾರ್ವಜನಿಕ ಡಿಎನ್‌ಎ ಸಂಗ್ರಹದೊಂದಿಗೆ ಹೋಲಿಸುತ್ತಾರೆ. ಮೀನೇ ಇಲ್ಲದ ಖಾಲಿ ಟ್ಯೂಬೊಂದನ್ನೂ ಇದೇ ದಾರಿಯಲ್ಲಿ ಕಳಿಸುತ್ತಾರೆ. ಅದರಲ್ಲಿ ಏನಾದರೂ ಕಂಡರೆ ಅದು ಕಲಬೆರಕೆ.

ಲೋಳೆಮೀನಿಗೆ ಸಿಕ್ಕ ನ್ಯಾಯ

ಯುರೋಪಿನ ಹಾವುಮೀನಿನ ಮರಿಗಳ ಕತೆ ಈ ವಿಧಾನದ ಬಲವನ್ನು ಚೆನ್ನಾಗಿ ತೋರಿಸುತ್ತದೆ. ಯುರೋಪಿನ ನದಿಗಳಲ್ಲಿ ಬೆಳೆಯುವ ಈ ಮೀನು ಮೊಟ್ಟೆಯಿಡಲು ಅಟ್ಲಾಂಟಿಕ್ ದಾಟಿ ಸರ್ಗಾಸೊ ಸಮುದ್ರಕ್ಕೆ ಹೋಗುತ್ತದೆಂದು ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ 1922ರಲ್ಲಿ ಪ್ರಕಟಿಸಿದರು. ಅಲ್ಲಿ ಹುಟ್ಟುವ ಮರಿಗಳು ಎಲೆಯಷ್ಟು ತೆಳ್ಳಗೆ, ಗಾಜಿನಷ್ಟು ಪಾರದರ್ಶಕ. ಅವು ಆಳದ ತಳದವಲ್ಲ, ತೆರೆದ ಸಾಗರದ ಮೇಲಿನ ಕೆಲವು ನೂರು ಮೀಟರಿನವು. ಆದರೆ ಅವುಗಳ ಕರುಳಿನ ಒಗಟು ಆಳದ ಮೀನುಗಳದ್ದೇ. ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದದ್ದು ಬರೀ ಆಕಾರವಿಲ್ಲದ ಮುದ್ದೆ.

2010ರಲ್ಲಿ ಲಾಸೆ ರೀಮನ್ ಮತ್ತು ಸಂಗಡಿಗರು ಆ ಮುದ್ದೆಯ ಡಿಎನ್‌ಎ ಓದಿದರು. ಹಲವು ಬಗೆಯ ಪ್ಲವಕಗಳು ಕಂಡವು. ಅವುಗಳ ನಡುವೆ ಹೈಡ್ರೊಜೋವಾ ಗುಂಪಿನ ಲೋಳೆಜೀವಿಗಳು, ಸಾಲ್ಪ್‌ಗಳ ಬಳಗ, ಬಾಚಣಿಗೆ ಲೋಳೆಮೀನುಗಳು ಎದ್ದು ಕಂಡವು. 2018ರಲ್ಲಿ ನಡೆದ ಇನ್ನಷ್ಟು ವಿಸ್ತಾರವಾದ ಅಧ್ಯಯನವೂ ಲೋಳೆಜೀವಿಗಳ ಪಾಲು ದೊಡ್ಡದೆಂದೇ ಹೇಳಿತು.

ಈ ಮಾಹಿತಿ ಕುತೂಹಲಕ್ಕಷ್ಟೇ ಸೀಮಿತವಲ್ಲ. 1980ರಿಂದೀಚೆಗೆ ಯುರೋಪಿನ ತೀರಕ್ಕೆ ಬರುವ ಹಾವುಮೀನು ಮರಿಗಳ ಸಂಖ್ಯೆ ಶೇ 90ಕ್ಕಿಂತ ಹೆಚ್ಚು ಕುಸಿದಿದೆ. ತೊಟ್ಟಿಯಲ್ಲಿ ಮೊಟ್ಟೆಯೊಡೆಸಿ ಸಾಕುವ ಪ್ರಯತ್ನಗಳು ಸೋಲುವ ಹಂತವೇ ಮರಿಗೆ ಉಣಿಸುವುದು. ಜಪಾನಿನಲ್ಲಿ ತಮ್ಮ ಜಾತಿಯ ಹಾವುಮೀನು ಮರಿಗಳಿಗೆ ಶಾರ್ಕ್ ಮೊಟ್ಟೆಯ ಮುದ್ದೆ ಕೊಟ್ಟು ಸಾಕಿದ್ದಾರೆ. ಸಮುದ್ರದಲ್ಲಿ ಮರಿ ನಿಜವಾಗಿ ಏನು ತಿನ್ನುತ್ತದೆಂದು ತಿಳಿದರೆ ಆ ಕೆಲಸಕ್ಕೆ ಭದ್ರವಾದ ನೆಲೆ ಸಿಗುತ್ತದೆ.

ಡಿಎನ್‌ಎ ಹೇಳಿದ್ದನ್ನು ಕ್ಯಾಮೆರಾ ಕೂಡ ಇನ್ನೊಂದು ದಿಕ್ಕಿನಿಂದ ಹೇಳಿತು. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ದೂರನಿಯಂತ್ರಿತ ಯಂತ್ರಗಳು 27 ವರ್ಷಗಳ ಕಾಲ ತೆಗೆದ ವಿಡಿಯೊಗಳನ್ನು ಆನೆಲಾ ಚೋಯ್, ಸ್ಟೀವನ್ ಹ್ಯಾಡಕ್, ಬ್ರೂಸ್ ರಾಬಿಸನ್ ಜಾಲಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಜೀವಿ ಇನ್ನೊಂದನ್ನು ತಿನ್ನುತ್ತಿರುವ 743 ದೃಶ್ಯಗಳು ಅವರಿಗೆ ಸಿಕ್ಕಿದ್ದವು. ಲೋಳೆಜೀವಿಗಳು ಅಲ್ಲಿ ಬೇಟೆಗಾರರಾಗಿಯೂ ಬೇಟೆಯಾಗಿಯೂ ಜಾಲದ ನಡುಮಧ್ಯದಲ್ಲಿದ್ದವು. ಲೋಳೆಮೀನು ಸರಪಳಿಯ ಕೊನೆ ಎಂಬ ಮಾತು ಇನ್ನು ನಿಲ್ಲುವಂತಿಲ್ಲ.

ದಕ್ಷಿಣ ಸಾಗರದಲ್ಲಿ ಈ ಕೆಲಸ ನೇರವಾಗಿ ಆಳದ ಮೀನುಗಳ ಮೇಲೆಯೇ ನಡೆದಿದೆ. ಕೆರ್ಗುಲೆನ್ ದ್ವೀಪಗಳ ದಕ್ಷಿಣಕ್ಕೆ ಹಿಡಿದ ಲ್ಯಾಂಟರ್ನ್ ಮೀನುಗಳು ಮತ್ತು ಅವುಗಳ ನೆರೆಯವರ ಹೊಟ್ಟೆಯ ಡಿಎನ್‌ಎಯನ್ನು ಲಾರೆನ್ಸ್ ಕ್ಲಾರ್ಕ್ ಮತ್ತು ಸಂಗಡಿಗರು ಓದಿ 2020ರಲ್ಲಿ ಪ್ರಕಟಿಸಿದರು. ಮೈಮೇಲೆ ಬೆಳಕಿನ ಚುಕ್ಕಿಗಳಿರುವ ಈ ಪುಟ್ಟ ಮೀನುಗಳು ಕ್ರಿಲ್, ಕೋಪಿಪಾಡ್‌ಗಳನ್ನು ತಿನ್ನುತ್ತವೆ. ಕಿಂಗ್ ಪೆಂಗ್ವಿನ್‌ಗಳು ಇವುಗಳನ್ನೇ ನೆಚ್ಚಿಕೊಂಡು ಬದುಕುತ್ತವೆ.

ಅದೇ ಸಾಗರದ ದೊಡ್ಡ ಬೇಟೆಗಾರ ಅಂಟಾರ್ಕ್ಟಿಕ್ ಟೂತ್‌ಫಿಶ್. ಎರಡು ಮೀಟರಿನ ಹತ್ತಿರ ಬೆಳೆಯುವ, ದುಬಾರಿ ಬೆಲೆಯ ಈ ಮೀನನ್ನು ಆಳಕ್ಕೆ ಬಿಟ್ಟ ಉದ್ದನೆಯ ಗಾಳದ ಹಗ್ಗಗಳಿಂದ ಹಿಡಿಯುತ್ತಾರೆ. 2017ರಲ್ಲಿ ಕೊರಿಯಾದ ಸಂಶೋಧಕರು ಅದರ ಜಠರದ ಡಿಎನ್‌ಎ ಓದಿದಾಗ ಗ್ರೆನೇಡಿಯರ್ ಎಂಬ ಬಾಲ ಚೂಪಾದ ಮೀನು, ಐಸ್‌ಫಿಶ್ ಎರಡೂ ಮುಖ್ಯ ಬೇಟೆಗಳೆಂದು ಕಂಡಿತು. ಟೂತ್‌ಫಿಶ್ ಹಿಡಿಯುವ ಗಾಳಕ್ಕೆ ಗ್ರೆನೇಡಿಯರ್ ಕೂಡ ಬೀಳುತ್ತದೆ. ಹಿಡಿಯುವ ಮೀನು, ಅದರ ಆಹಾರ ಎರಡೂ ಒಂದೇ ಗಾಳಕ್ಕೆ ಸಿಗುವಾಗ ಮಿತಿ ನಿಗದಿ ಮಾಡುವವರು ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಲೇಬೇಕು.

ಶಾರ್ಕ್ ಹೊಟ್ಟೆಯಲ್ಲಿ ತಿಮಿಂಗಿಲ

ಗ್ರೀನ್‌ಲ್ಯಾಂಡ್ ಶಾರ್ಕ್ 2,000 ಮೀಟರಿಗೂ ಕೆಳಗಿಳಿಯಬಲ್ಲ ಮೀನು. ಕನಿಷ್ಠ 272 ವರ್ಷ ಬದುಕುತ್ತದೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅದರ ಸಾಮಾನ್ಯ ವೇಗ ಸೆಕೆಂಡಿಗೆ ಮೀಟರಿನ ಮೂರನೇ ಒಂದು ಭಾಗದಷ್ಟು. ಇಷ್ಟು ನಿಧಾನಿಯ ಹೊಟ್ಟೆಯಲ್ಲಿ ಮಿಂಕಿ ತಿಮಿಂಗಿಲದ ಕೊಬ್ಬು ಸಿಕ್ಕರೆ ಏನೆಂದು ತಿಳಿಯಬೇಕು?

ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್‌ನಲ್ಲಿ ಹಿಡಿದ ಶಾರ್ಕ್‌ಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಅದೇ. ಸಾಮಾನ್ಯ ಡಿಎನ್‌ಎ ಪರೀಕ್ಷೆ 'ಮಿಂಕಿ ತಿಮಿಂಗಿಲ' ಎಂದು ಹೇಳಿ ನಿಲ್ಲುತ್ತಿತ್ತು. ಕೊಂದದ್ದೋ, ಸತ್ತದ್ದನ್ನು ತಿಂದದ್ದೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ನಾರ್ವೆಯಲ್ಲಿ ಇನ್ನೊಂದು ದಾಖಲೆ ಸಿದ್ಧವಿತ್ತು. ಅಲ್ಲಿ ಕಾನೂನುಬದ್ಧವಾಗಿ ಬೇಟೆಯಾಡಿದ ಪ್ರತಿ ಮಿಂಕಿ ತಿಮಿಂಗಿಲದ ಡಿಎನ್‌ಎ ಮಾದರಿಯನ್ನು 1990ರ ದಶಕದಿಂದ ಒಂದು ನೋಂದಣಿಯಲ್ಲಿ ಇಡುತ್ತಾರೆ. ಕಳ್ಳಮಾಂಸ ಪತ್ತೆ ಮಾಡುವುದು ಅದರ ಉದ್ದೇಶ.

ಸಂಶೋಧಕರು ಶಾರ್ಕ್ ಹೊಟ್ಟೆಯ ಕೊಬ್ಬನ್ನು ಆ ನೋಂದಣಿಯೊಂದಿಗೆ ತಾಳೆ ನೋಡಿದರು. ಅಲ್ಲಿದ್ದ ತಿಮಿಂಗಿಲಗಳೊಂದಿಗೇ ಹೊಂದಾಣಿಕೆಗಳು ಸಿಕ್ಕವು. ತಿಮಿಂಗಿಲ ಬೇಟೆಯ ಹಡಗುಗಳು ಮಾಂಸ ತೆಗೆದು ಉಳಿದದ್ದನ್ನು ಸಮುದ್ರಕ್ಕೆ ಎಸೆದಿದ್ದವು, ಶಾರ್ಕ್‌ಗಳು ಅದನ್ನು ಹುಡುಕಿ ತಿಂದಿದ್ದವು. 2011ರಲ್ಲಿ ಪ್ರಕಟವಾದ ಈ ಕೆಲಸ ಊಟದ ಅಧ್ಯಯನಗಳಲ್ಲೇ ವಿಶಿಷ್ಟವಾದದ್ದು: ಜಾತಿಯನ್ನಷ್ಟೇ ಅಲ್ಲ, ಯಾವ ತಿಮಿಂಗಿಲ ಎಂಬುದನ್ನೂ ಅದು ಗುರುತಿಸಿತು. ಇಂಥ ನೋಂದಣಿ ಬೇರೆ ಬಹುತೇಕ ಬೇಟೆಗಳಿಗಿಲ್ಲ. ಆದ್ದರಿಂದ ಮಿಕ್ಕೆಡೆಯಲ್ಲಿ ಕೊಂದು ತಿಂದದ್ದೋ, ಸತ್ತದ್ದನ್ನು ತಿಂದದ್ದೋ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಡಿಎನ್‌ಎಯ ಮಿತಿ

ವಿಧಾನದ ಕುಂದುಗಳು ಇನ್ನೂ ಇವೆ. ಮೀನು ಸಿಗಡಿಯನ್ನು ತಿಂದಾಗ, ಸಿಗಡಿಯ ಹೊಟ್ಟೆಯಲ್ಲಿದ್ದ ಕೋಪಿಪಾಡ್‌ನ ಡಿಎನ್‌ಎ ಕೂಡ ಮೀನಿನ ಲೆಕ್ಕಕ್ಕೆ ಸೇರುತ್ತದೆ. ತಿಂದದ್ದು ಬಲಿತ ಮೀನೋ, ಅದರ ಮೊಟ್ಟೆಯೋ ಎಂಬ ಭೇದ ತಿಳಿಯುವುದಿಲ್ಲ. ತನ್ನದೇ ಜಾತಿಯ ಮರಿಯನ್ನು ನುಂಗಿದ್ದರೆ ತಿಂದವನ ಡಿಎನ್‌ಎಯಲ್ಲೇ ಅದು ಕರಗಿಹೋಗುತ್ತದೆ. ಗಾಳಕ್ಕೆ ಸಿಕ್ಕಿಸಿದ ಆಹಾರವೂ ಊಟವಾಗಿ ಕಾಣಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಕುಂದು ಪ್ರಮಾಣದ್ದು. ಒಂದು ಜೀವಿಯ ಡಿಎನ್‌ಎ ಸಾಲುಗಳು ಹೆಚ್ಚು ಬಂದ ಮಾತ್ರಕ್ಕೆ ಅದನ್ನು ಹೆಚ್ಚು ತಿಂದಿದೆ ಎಂದರ್ಥವಲ್ಲ. ಪ್ರೈಮರ್ ಕೆಲವು ಜಾತಿಗಳಿಗೆ ಚೆನ್ನಾಗಿ ಅಂಟುತ್ತದೆ, ಕೆಲವಕ್ಕೆ ಅಂಟುವುದೇ ಇಲ್ಲ. ಲೋಳೆಜೀವಿಗಳ ಊಟದ ಬಗ್ಗೆ ಉತ್ಸಾಹದಲ್ಲಿ ಬರೆಯುವಾಗ ಇದನ್ನು ಮರೆಯಬಾರದು: ಅವು ಹಲವು ಹೊಟ್ಟೆಗಳಲ್ಲಿ ಕಂಡಿವೆ ಎಂಬುದು ಖಚಿತ, ಅವುಗಳಿಂದ ಮೀನಿಗೆ ಎಷ್ಟು ಪೋಷಣೆ ಸಿಗುತ್ತದೆ ಎಂಬುದು ಬೇರೆಯೇ ಲೆಕ್ಕ.

ಅದಕ್ಕೆ ಡಿಎನ್‌ಎಯ ಜೊತೆ ಸಾರಜನಕದ ಐಸೊಟೋಪುಗಳನ್ನೂ ಅಳೆಯುತ್ತಾರೆ. ತಿಂದವನ ಮೈಯಲ್ಲಿ ಭಾರದ ಸಾರಜನಕ-15ರ ಪಾಲು, ತಿನ್ನಿಸಿಕೊಂಡದ್ದಕ್ಕಿಂತ ಸಾವಿರಕ್ಕೆ ಸುಮಾರು 3ರಷ್ಟು ಏರಿರುತ್ತದೆ. ಸ್ನಾಯುವಿನಲ್ಲಿ ಇದನ್ನು ಅಳೆದರೆ ಮೀನು ತಿಂಗಳುಗಟ್ಟಲೆ ಆಹಾರ ಸರಪಳಿಯ ಯಾವ ಮೆಟ್ಟಿಲಲ್ಲಿ ಉಂಡಿತೆಂದು ತಿಳಿಯುತ್ತದೆ, ಆದರೆ ಉಂಡದ್ದರ ಹೆಸರು ತಿಳಿಯುವುದಿಲ್ಲ. ಹೆಸರನ್ನು ಡಿಎನ್‌ಎ ಕೊಡುತ್ತದೆ, ಅದೂ ಕೊನೆಯ ಕೆಲವು ಊಟಗಳದ್ದು. ಗಾತ್ರವನ್ನು ಕಿವಿಗಲ್ಲು ಹೇಳುತ್ತದೆ. ಒಳ್ಳೆಯ ಅಧ್ಯಯನಗಳು ಮೂರನ್ನೂ ಒಟ್ಟಿಗೆ ಬಳಸುತ್ತವೆ.

> ಕಪ್ಪು ಹೊಟ್ಟೆ
>
> ಆಳದ ಹಲವು ಬೇಟೆಗಾರ ಮೀನುಗಳ ಜಠರದ ಒಳಗೋಡೆ ಕಡುಕಪ್ಪು. ನುಂಗಿದ ಬೇಟೆ ಮೈಯಿಂದ ಬೆಳಕು ಬೀರುತ್ತಿದ್ದರೆ ಅದು ಹೊರಗೆ ಕಾಣಬಾರದು. ಕಂಡರೆ ಉಂಡವನೇ ಇನ್ನೊಬ್ಬನ ಊಟವಾದಾನು. ಕೆಲವು ಮೀನುಗಳ ಹೊರಮೈಯೂ ಹೀಗೆಯೇ ಕಡುಕಪ್ಪು: 16 ಜಾತಿಯ ಆಳದ ಮೀನುಗಳ ಚರ್ಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 0.5ಕ್ಕಿಂತ ಕಡಿಮೆ ಹಿಂತಿರುಗಿಸುತ್ತದೆಂದು 2020ರಲ್ಲಿ ವರದಿಯಾಯಿತು.

ಅರಬ್ಬಿ ಸಮುದ್ರದ ತುರ್ತು

ಕರ್ನಾಟಕದ ದಡಕ್ಕೆ ಬಡಿಯುವ ಅರಬ್ಬಿ ಸಮುದ್ರ ಈ ವಿಷಯದಲ್ಲಿ ಜಗತ್ತಿನ ಗಮನ ಸೆಳೆದ ನೀರು. ಇದರ ನಡುಪದರದಲ್ಲಿ, ಹೆಚ್ಚುಕಡಿಮೆ 150ರಿಂದ 1,000 ಮೀಟರಿನವರೆಗೆ, ಆಮ್ಲಜನಕ ತೀರಾ ಕಡಿಮೆ. ಆದರೂ ಬೆಂಥೊಸೆಮಾ ಟೆರೊಟಮ್ ಎಂಬ ಪುಟ್ಟ ಲ್ಯಾಂಟರ್ನ್ ಮೀನು ಹಗಲನ್ನು ಆ ಉಸಿರುಗಟ್ಟುವ ಪದರದಲ್ಲಿ ಕಳೆದು ರಾತ್ರಿ ಮೇಲೇರುತ್ತದೆ.

ನಾರ್ವೆಯ ಸಂಶೋಧಕರು 1970ರ ದಶಕದ ಸಮೀಕ್ಷೆಗಳ ಆಧಾರದಲ್ಲಿ ಅರಬ್ಬಿ ಸಮುದ್ರದ ನಡುನೀರಿನ ಮೀನು ಸುಮಾರು 10 ಕೋಟಿ ಟನ್ ಎಂದು ಅಂದಾಜಿಸಿದ್ದರು. ಭಾರತದ ಎಲ್ಲ ಕರಾವಳಿಗಳಲ್ಲಿ ಒಂದು ವರ್ಷಕ್ಕೆ ಇಳಿಯುವ ಸಮುದ್ರ ಮೀನು ಸುಮಾರು 35 ಲಕ್ಷ ಟನ್. ಜಗತ್ತಿನ ಮಟ್ಟದಲ್ಲಿ ಅಂದಾಜುಗಳು ಇನ್ನೂ ಹಿಗ್ಗಿವೆ: 1980ರ ಸುಮಾರಿಗೆ 100 ಕೋಟಿ ಟನ್ ಎಂದಿದ್ದದ್ದನ್ನು 2014ರ ಅಧ್ಯಯನವೊಂದು 1,000 ಕೋಟಿ ಟನ್ನಿಗೆ ಏರಿಸಿತು. ಈ ಅಂಕಿಗಳಲ್ಲಿ ಅನಿಶ್ಚಿತತೆ ದೊಡ್ಡದು. ಆದರೂ ಮೀನುಹಿಟ್ಟು, ಮೀನೆಣ್ಣೆಗಾಗಿ ಈ ಮೀನುಗಳನ್ನು ಹಿಡಿಯುವ ಆಸಕ್ತಿ ಬೆಳೆಯಲು ಅವು ಸಾಕಾಗಿವೆ.

ಹಿಡಿಯುವ ಮೊದಲು ಈ ಮೀನನ್ನು ನಂಬಿದವರು ಯಾರೆಂದು ತಿಳಿಯಬೇಕು. ಅರಬ್ಬಿ ಸಮುದ್ರದಲ್ಲಿ ಹೇರಳವಾಗಿರುವ ಕೆನ್ನೀಲಿ ಬೆನ್ನಿನ ಸ್ಕ್ವಿಡ್ ಲ್ಯಾಂಟರ್ನ್ ಮೀನುಗಳನ್ನು ತಿಂದು ಬೆಳೆಯುತ್ತದೆ. ಸ್ಕ್ವಿಡ್ ತನ್ನ ಬೇಟೆಯನ್ನು ಕೊಕ್ಕಿನಿಂದ ಸಣ್ಣಗೆ ಕತ್ತರಿಸಿ ನುಂಗುವುದರಿಂದ ಕಣ್ಣಿನ ಪರೀಕ್ಷೆ ಅಲ್ಲಿ ಬೇಗ ಸೋಲುತ್ತದೆ, ಡಿಎನ್‌ಎಗೆ ಅದು ಅಡ್ಡಿಯಲ್ಲ. ಈ ಸರಪಳಿಯನ್ನು ಎಳೆಎಳೆಯಾಗಿ ಬಿಡಿಸಿ ನೋಡದೆ ಕೆಳಗಿನ ಮೀನಿಗೆ ಬಲೆ ಬೀಸುವುದು ಮೇಲಿನ ಮೀನುಗಾರಿಕೆಗೇ ಪೆಟ್ಟಾಗಬಹುದು.

ಭಾರತದಲ್ಲಿ ಈ ಆಳದ ಜೀವಿಗಳ ಅಧ್ಯಯನ ಕೊಚ್ಚಿಯ ಸಾಗರ ಜೀವಸಂಪನ್ಮೂಲ ಮತ್ತು ಪರಿಸರ ಕೇಂದ್ರದ ಹೊಣೆ. ಅದರ ಸಂಶೋಧನಾ ಹಡಗು ಸಾಗರ್ ಸಂಪದಾ 1984ರಿಂದ ಸಮುದ್ರದಲ್ಲಿದೆ. 2021ರಲ್ಲಿ ಒಪ್ಪಿಗೆ ಪಡೆದ ಆಳ ಸಮುದ್ರ ಯೋಜನೆಯಲ್ಲಿ ಜೀವವೈವಿಧ್ಯದ ಶೋಧವೂ ಸೇರಿದೆ, ಗಣಿಗಾರಿಕೆಯ ತಂತ್ರಜ್ಞಾನವೂ ಸೇರಿದೆ. ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ 75,000 ಚದರ ಕಿಲೋಮೀಟರ್ ಪ್ರದೇಶದ ಲೋಹದ ಗಂಟುಗಳನ್ನು ಶೋಧಿಸುವ ಹಕ್ಕು ಭಾರತಕ್ಕಿದೆ. ಗಣಿಯಿಂದ ಎದ್ದ ಹೂಳು ನಡುನೀರಿಗೆ ಸೇರಿದರೆ ಅಲ್ಲಿನ ಸಣ್ಣ ಜೀವಿಗಳ ಆಹಾರಕ್ಕೆ ಏನಾಗುತ್ತದೆ ಎಂಬುದು ಊಟದ ಪಟ್ಟಿ ಇಲ್ಲದೆ ಅಳೆಯಲಾಗದ ಪ್ರಶ್ನೆ.

ಆ ಪಟ್ಟಿ ಪೂರ್ತಿಯಾಗಲು ಮೊದಲು ಬೇಕಾದದ್ದು ಹೋಲಿಕೆಗೆ ಸಿಗುವ ಡಿಎನ್‌ಎ ಸಂಗ್ರಹ. ಹೊಟ್ಟೆಯಲ್ಲಿ ಸಿಕ್ಕ ಅಕ್ಷರಸಾಲು ಸಂಗ್ರಹದಲ್ಲಿ ಇಲ್ಲದಿದ್ದರೆ ಅದಕ್ಕೆ ಹೆಸರಿಲ್ಲ. 'ಯಾವುದೋ ಸೈಫೊನೊಫೋರ್' ಎಂದಷ್ಟೇ ಬರೆಯಬೇಕಾಗುತ್ತದೆ. ಆಳ ಸಮುದ್ರದ ಎಷ್ಟೋ ಜಾತಿಗಳ ಸ್ಥಿತಿ ಇದೇ. ಆಲ್ಕಾಕ್ ಕಾಲದಂಥ ಹಳೆಯ ಮಾದರಿಗಳಿಂದ ಡಿಎನ್‌ಎ ಪಡೆಯುವುದು ಸುಲಭವಲ್ಲ. ನಂತರದ ಕಾಲದಲ್ಲಿ ರೂಢಿಯಾದ ಫಾರ್ಮಾಲಿನ್ ದೇಹದ ಆಕಾರವನ್ನು ಕಾಯುತ್ತದೆ, ಡಿಎನ್‌ಎಯನ್ನು ಹಾಳುಗೆಡವುತ್ತದೆ. ಆದ್ದರಿಂದ ತಜ್ಞರು ಗುರುತಿಸಿದ ಹೊಸ ಮಾದರಿಗಳೇ ಬೇಕು. ಕೊಚ್ಚಿಯ ಕೇಂದ್ರದ 'ಭವಸಾಗರ' ಸಂಗ್ರಹಾಲಯ ಅಂಥ ಆಳದ ಜೀವಿಗಳನ್ನು ಕೂಡಿಡುತ್ತಿದೆ.

ಈ ಕೆಲಸದಲ್ಲಿ ತಡವಾದರೂ ನಷ್ಟವಿಲ್ಲದ ಒಂದು ಅನುಕೂಲವಿದೆ. ಹೊಟ್ಟೆಯಿಂದ ಓದಿದ ಅಕ್ಷರಸಾಲುಗಳೆಲ್ಲ ಸಾರ್ವಜನಿಕ ಭಂಡಾರಗಳಲ್ಲಿ ಉಳಿಯುತ್ತವೆ. ಹೊಸ ಜಾತಿಯೊಂದರ ಬಾರ್‌ಕೋಡ್ ಸಂಗ್ರಹಕ್ಕೆ ಸೇರಿದ ದಿನ, ಹಿಂದೆ ಹೆಸರಿಲ್ಲದೆ ಬಿಟ್ಟಿದ್ದ ಸಾಲುಗಳನ್ನು ಮತ್ತೆ ತಾಳೆ ನೋಡಬಹುದು. ವರ್ಷಗಳ ಹಿಂದೆ ಹಿಡಿದ ಮೀನಿನ ಊಟವನ್ನು, ಇನ್ನೊಂದು ಮೀನನ್ನು ಹಿಡಿಯದೆಯೇ, ಮತ್ತೊಮ್ಮೆ ಓದಬಹುದು.